ತೂಬಿನ ಮೇಲೆ ಊದಿದ ಶಂಖ

ಸತ್ತವರು ಕೊನೆಯದಾಗಿ ಕೈಯಲ್ಲಿ ಹಿಡಿದ ವಸ್ತುವನ್ನು ಅವರ ಸಮಾಧಿಯ ಮೇಲೆ ಇಡಬೇಕು. ಒಡೆದು ಇಡಬೇಕು. ನೀರು ಕುಡಿದ ಬಟ್ಟಲಾಗಲಿ, ಔಷಧದ ಸೀಸೆಯಾಗಲಿ, ದೀಪವಾಗಲಿ. ಇಡದೆ ಹೋದರೆ ಅವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಕೆರೊಲಿನಾದ ಹೆರನ್ ನಡುಗಡ್ಡೆಯಲ್ಲಿ ಇದನ್ನು ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ಓಕ್ ಮರಗಳ ಕೆಳಗಿನ ಮಸಣದಲ್ಲಿ ಬಿಳಿ ಚಿಪ್ಪುಗಳ ನಡುವೆ ಒಡೆದ ಪಿಂಗಾಣಿ ಹೊಳೆಯುವುದನ್ನು ನೋಡಿಕೊಂಡೇ ಅವು ಬೆಳೆಯುತ್ತವೆ.

ಲೈಮಸ್‌ನ ಸಮಾಧಿಯ ಮೇಲೆ ಬಾರುಕೋಲು ಇತ್ತು. ಗುಲಾಮಗಿರಿಯ ಕಾಲದಲ್ಲಿ ಅವನು ಧಣಿಯ ಭತ್ತದ ಗದ್ದೆಗಳ ಮೇಸ್ತ್ರಿ. ಅವನೂ ಗುಲಾಮನೇ, ಅದೇ ಕೇರಿಯಲ್ಲಿ ಹುಟ್ಟಿದವನೇ. ಆದರೆ ಆಳುಗಳನ್ನು ಎಬ್ಬಿಸುವ ಬೆಳಗಿನ ಶಂಖ ಅವನದು, ಹಿಂದೆ ಬಿದ್ದವರ ಬೆನ್ನು ಮುರಿಯುವ ಬಾರುಕೋಲೂ ಅವನದು. ಅವನು ಸತ್ತ ವರ್ಷ ಹುಟ್ಟಿದ ಮಕ್ಕಳು ಈಗ ಮದುವೆಯ ವಯಸ್ಸಿಗೆ ಬಂದಿದ್ದರು. ಗದ್ದೆಗಳು ಅವರವರದೇ ಆಗಿದ್ದವು. ಆದರೂ ಬೆಳಕು ಹರಿಯುವ ಮುನ್ನ ಹೊಳೆಯ ಕಡೆಯಿಂದ ಶಂಖ ಕೇಳಿಸುತ್ತಿತ್ತು. ಹಳಬರೆಲ್ಲ ಅದಕ್ಕೆ ಎದ್ದು ಕೂರುತ್ತಿದ್ದರು. ಪಾದ ನೆಲ ಮುಟ್ಟಿದ ಮೇಲೆ, ಇನ್ನು ತಮ್ಮನ್ನು ಯಾರೂ ಕರೆಯುವಂತಿಲ್ಲ ಎಂಬುದು ನೆನಪಾಗುತ್ತಿತ್ತು. ಬಾಗಿಲ ಚೌಕಟ್ಟುಗಳಿಗೆ ನೀಲಿ ಬಳಿದಿದ್ದರು. ನೀಲಿ ಬಳಿದ ಬಾಗಿಲನ್ನು ಪ್ರೇತ ದಾಟುವುದಿಲ್ಲ. ದನಿಗೆ ಬಾಗಿಲ ಹಂಗಿಲ್ಲ.

ತೂಬು ಕಾಯುವ ನೀರುಗಂಟಿ ರೆಂಟಿ ಮಾತ್ರ ಇದರಲ್ಲೂ ನಗೆ ಹುಡುಕುತ್ತಿದ್ದ. "ಧಣಿ ಅವನಿಗೆ ಸತ್ತ ಮೇಲೂ ರಜ ಕೊಟ್ಟಿಲ್ಲ ನೋಡ್ರಪ್ಪ," ಎನ್ನುತ್ತಿದ್ದ. ಯಾರೂ ನಗುತ್ತಿರಲಿಲ್ಲ.

ಆ ಶಂಖಕ್ಕೆ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಮಿಂಟಾ. ಎತ್ತರದ, ಮಾತು ಕಡಿಮೆಯ ಹೆಂಗಸು. ಗಂಡ ಬ್ಯೂಫರ್ಟ್ ಪಟ್ಟಣದಲ್ಲಿ ಹಡಗಿನ ಕೂಲಿ ಮಾಡುತ್ತ ಜ್ವರ ಬಂದು ಸತ್ತಿದ್ದ. ಮಕ್ಕಳು ಉಳಿಯಲಿಲ್ಲ. ತನ್ನ ತುಂಡು ಗದ್ದೆಯಲ್ಲಿ ಭತ್ತ ಬಿತ್ತುವುದು, ಒರಳಲ್ಲಿ ಕುಟ್ಟುವುದು, ಬಿಡುವಿನಲ್ಲಿ ಜವುಗಿನ ಹುಲ್ಲು ತಂದು ಮೊರ ಹೆಣೆಯುವುದು, ಇಷ್ಟೇ ಅವಳ ಬದುಕು. ಅವಳ ಮೊರದಲ್ಲಿ ಕೇರಿದ ಅಕ್ಕಿಯಲ್ಲಿ ಒಂದು ಕಲ್ಲೂ ಸಿಗುವುದಿಲ್ಲ ಎಂದು ಜನ ಹೇಳುತ್ತಿದ್ದರು. ಅವಳ ಬೆನ್ನ ಮೇಲೆ, ಎಡ ಹೆಗಲಿನಿಂದ ಸೊಂಟದವರೆಗೆ, ಹಗ್ಗದಂತೆ ಉಬ್ಬಿದ ಒಂದು ಗೆರೆಯಿತ್ತು. ಕಳೆ ಕೀಳುವಾಗ ಸಾಲು ತಪ್ಪಿದ್ದಕ್ಕೆ ಲೈಮಸ್ ಕೊಟ್ಟದ್ದು.

ಇಷ್ಟು ವಯಸ್ಸಾದರೂ ಮಿಂಟಾ ಪ್ರಾರ್ಥನೆ ಮನೆಯ ಸದಸ್ಯೆಯಾಗಿರಲಿಲ್ಲ. ಬಾಗಿಲ ಬಳಿಯ ಬೆಂಚೇ ಅವಳ ಜಾಗ. ಸದಸ್ಯರೆಲ್ಲ ಬೆಂಚುಗಳನ್ನು ಗೋಡೆಗೆ ಸರಿಸಿ, ಪಾದ ಎತ್ತದೆ ನೆಲಕ್ಕೆ ಉಜ್ಜುತ್ತ, ಹಾಡುತ್ತ ಸುತ್ತುವಾಗ ಅವಳು ಕೈ ತಟ್ಟಬಹುದಿತ್ತು, ಸುತ್ತಿನೊಳಗೆ ಇಳಿಯುವಂತಿರಲಿಲ್ಲ. ಸುತ್ತು ಸೇರಬೇಕಾದರೆ ಮೊದಲು ಹುಡುಕಲು ಹೋಗಬೇಕು. ತಲೆಗೆ ಬಿಳಿ ದಾರ ಕಟ್ಟಿಕೊಂಡು, ನಗೆ ಹರಟೆ ಬಿಟ್ಟು, ದಿನವೂ ಒಬ್ಬರೇ ಕಾಡಿಗೆ ಹೋಗಿ ಪ್ರಾರ್ಥಿಸಬೇಕು. ಕೊನೆಗೊಂದು ದಿನ ಕನಸು ಬೀಳುತ್ತದೆ. ಕನಸಿನಲ್ಲಿ ಯಾರು ಮುಂದೆ ನಡೆದು ದಾರಿ ತೋರುತ್ತಾರೋ ಅವರೇ ನಿಮ್ಮ ಗುರು. ಅವರನ್ನು ನೀವು ಆರಿಸುವಂತಿಲ್ಲ, ಅವರು ಒಲ್ಲೆನೆನ್ನುವಂತಿಲ್ಲ. ಗುರು ಕಲಿಸಿ, ಹಿರಿಯರ ಮುಂದೆ ನಿಲ್ಲಿಸಿ, ಕಡಲಿನ ಇಳಿತದ ಹೊತ್ತಿನಲ್ಲಿ ಹೊಳೆಯಲ್ಲಿ ಮುಳುಗಿಸಿದರೆ ನೀವು ದಾಟಿ ಬಂದಂತೆ. ದಾಟದೆ ಸತ್ತವರಿಗೆ ಹಾಡಿಲ್ಲ. ಮಣ್ಣು ಬೇಲಿಯ ಆಚೆ. ಅಂಥವರು ಅಲೆಯುತ್ತಾರೆ.

ಅಲೆಯುವವನೊಬ್ಬನ ಶಂಖವನ್ನು ಮಿಂಟಾ ದಿನವೂ ಕೇಳುತ್ತಿದ್ದಳು. ಅಂಥ ಗತಿ ತನಗೆ ಬರಬಾರದೆಂಬುದೊಂದೇ ಅವಳ ಆಸೆ. ಹರೆಯದಲ್ಲಿ ಒಮ್ಮೆ, ಗಂಡ ಸತ್ತಾಗ ಒಮ್ಮೆ ದಾರ ಕಟ್ಟಿಕೊಂಡು ಹೋಗಿದ್ದಳು. ಎರಡು ಸಲವೂ ಕನಸಿನಲ್ಲಿ ಮುಂದೆ ನಡೆದವನು ಲೈಮಸ್. ಬಾರುಕೋಲಿಲ್ಲದ ಕೈ, ತಿರುಗಿ ನೋಡದ ತಲೆ. ಹಿರಿಯರು ಎರಡು ಸಲವೂ ಅವಳನ್ನು ಕಳಿಸಿಬಿಟ್ಟಿದ್ದರು.

ಆ ಊರಿನಲ್ಲಿ ಬೇರೆ ಎಲ್ಲರ ಕನಸಿಗೂ ಬರುತ್ತಿದ್ದವನು ಕ್ವಾಷ್. ಅವನೂ ಸತ್ತಿದ್ದ, ಆದರೆ ಅವನ ಸಾವು ಬೇರೆ. ಸತ್ತವರು ಕಲಿಸಲಾರರು ನಿಜ. ಆದರೆ ಕ್ವಾಷ್‌ನನ್ನು ಕಂಡೆವೆಂದವರಿಗೆ ಅವನ ಮಗ ಹೆಕ್ಟರನೇ ಗುರುವಾಗುತ್ತಿದ್ದ. ಧಣಿಗಳ ಮೇಲೆ ಯುದ್ಧ ಹೂಡಿದ ಉತ್ತರದವರ ಫಿರಂಗಿ ಹಡಗುಗಳು ಕೊಲ್ಲಿಗೆ ಬಂದ ದಿನ, ಧಣಿಗಳು ಓಡಿಹೋದ ದಿನ, ಕ್ವಾಷ್ ಒಂದಷ್ಟು ಜನರನ್ನು ದೋಣಿಗೆ ಹತ್ತಿಸಿಕೊಂಡು ಆ ಹಡಗುಗಳ ಕಡೆಗೆ ಹುಟ್ಟು ಹಾಕಿದ್ದ. ಮುಂಚಿನಿಂದಲೂ ಅವನ ಮಾತು ಒಂದೇ ಆಗಿತ್ತು: ಒಂದು ದಿನ ನಾನು ಮುಂದೆ ನಡೀತೀನಿ, ನೀವು ಹಿಂದೆ ಬನ್ನಿ. ಅವನು ಹೇಳಿದಂತೆ ಮಾಡಿದ. ಅದರಲ್ಲಿ ಸುಳ್ಳಿಲ್ಲ. ಅಲ್ಲಿಂದ ಉತ್ತರದ ಸೈನಿಕರ ನೀಲಿ ಕೋಟು ತೊಟ್ಟು ಮರಳಿದ, ಪ್ರಾರ್ಥನೆ ಮನೆ ಕಟ್ಟಿದ, ಅವನ ಮೇಲೆ ಹಾಡು ಕಟ್ಟಿದರು. ಹಾಡಿನಲ್ಲಿ ಅವನು ದೋಣಿಯ ಮೂತಿಯಲ್ಲಿ ಬಿಳಿ ಅಂಗಿ ತೊಟ್ಟು ನಿಂತಿದ್ದಾನೆ. ಹಿಂದೆ ಕುಳಿತವರಿಗೆ ಭಯವೇ ಇಲ್ಲ. ಆ ಅಂಗಿ ಅಕ್ಕಿ ಮೂಟೆಯ ಗೋಣಿಯದು, ದೋಣಿಯಲ್ಲಿದ್ದವರೆಲ್ಲ ವಾಂತಿ ಮಾಡಿಕೊಂಡಿದ್ದರು ಎಂಬುದನ್ನು ಹಾಡು ಬಿಟ್ಟುಬಿಟ್ಟಿತ್ತು. ತಾನಾಗಿ ಮುಂದೆ ಬಂದವನಿಗೆ ಹಾಡು ಬಿಳಿ ಅಂಗಿ ಹೊಲಿಯುತ್ತದೆ. ಹಿಂದೆ ಸರಿದವನ ಕೈಗೆ ಕಥೆ ಬಾರುಕೋಲು ಕೊಡುತ್ತದೆ. ಆ ಕೈ ಇನ್ನೇನನ್ನಾದರೂ ಹಿಡಿದಿತ್ತೇ ಎಂದು ಕೇಳುವುದಿಲ್ಲ.

ಹಡಗುಗಳು ಬಂದ ಆ ದಿನ ಮಿಂಟಾ ತೂಬಿನ ಕೆಳಗೆ ಕಾಲುವೆಯಲ್ಲಿ ಸೀಗಡಿಯ ಬಲೆ ಹಿಡಿದು ನಿಂತಿದ್ದಳು. ಚಿಕ್ಕ ಧಣಿ ಕುದುರೆಯ ಮೇಲೆ ಬಂದು ಲೈಮಸ್‌ಗೆ ಆಜ್ಞೆ ಕೊಟ್ಟಿದ್ದ: ಶಂಖ ಊದಿ ಆಳುಗಳನ್ನೆಲ್ಲ ಸೇರಿಸು, ಏರಿ ದಾಟಿಸಿ ಒಳನಾಡಿಗೆ ಹೊಡೆದುಕೊಂಡು ಹೋಗು, ಒಬ್ಬನೂ ಶತ್ರುವಿನ ಕೈಗೆ ಸಿಗಬಾರದು. ಜನ ಸೇರಿಸುವ ಶಂಖ ಊದುವುದು ಕೇರಿಯ ಕಂಬದ ಬಳಿ, ತುಂಡು ತುಂಡಾಗಿ. ಲೈಮಸ್ ಕಂಬದ ಕಡೆಗೆ ಹೋಗಲಿಲ್ಲ. ಏರಿಯ ಮೇಲೆ ನಡೆದು ತೂಬಿಗೆ ಬಂದ. ಅವಳನ್ನು ಅವನು ಕಂಡನೋ ಇಲ್ಲವೋ. ನೀರನ್ನು ನೋಡುತ್ತ ಯಾರ ಜೊತೆಗೋ ಜಗಳವಾಡುವಂತೆ ಗೊಣಗಿದ. "ನನ್ನ ತಲೆಗೇ ಯಾಕೆ ಕಟ್ತೀಯ? ನಾನು ಯಾರನ್ನೂ ನಡೆಸೋನಲ್ಲ. ಅಟ್ಟೋದು ಗೊತ್ತು, ಅಷ್ಟೆ." ಶಂಖವನ್ನು ತುಟಿಗೆ ತಂದ, ಇಳಿಸಿದ. ಮತ್ತೆ ತಂದ, ಮತ್ತೆ ಇಳಿಸಿದ. ಅವನು ಹೆದರಿದ್ದುದು ಅವಳಿಗೆ ಕೆಳಗಿನಿಂದ ಕಾಣುತ್ತಿತ್ತು. ಅದನ್ನು ಕಂಡು ಅವಳಿಗೆ ಕನಿಕರವಾಗಲಿಲ್ಲ, ಸಂತೋಷವೇ ಆಯಿತು. ಆಮೇಲೆ ಅವನು ಊದಿದ. ಉದ್ದಕ್ಕೆ, ಉಸಿರು ಮುಗಿಯುವವರೆಗೆ, ಮತ್ತೆ ಉದ್ದಕ್ಕೆ. ಅದು ನೆರೆಯ ಶಂಖ. ಏರಿ ಒಡೆಯಿತು, ಇದ್ದಲ್ಲಿಂದ ದಿಬ್ಬದ ಪೈನ್ ಕಾಡಿಗೆ ಓಡಿ ಎಂದು ಅರ್ಥ. ಕೇರಿಗೆ ಕೇರಿಯೇ ಓಡಿತು. ತಮ್ಮ ಮುಂದೆ ಯಾರೋ ನಡೆಯುತ್ತಿದ್ದಾನೆಂದು ತಿಳಿಯದೆಯೇ ಅವರು ಅವನ ಹಿಂದೆ ಹೋದರು.

ಚಿಕ್ಕ ಧಣಿ ಏರಿಯ ಮೇಲೆ ಕುದುರೆ ಓಡಿಸಿಕೊಂಡು ಬಂದು ಗುಂಡು ಹಾರಿಸಿದ. ಶಂಖ ನೀರಿಗೆ ಬಿತ್ತು, ಲೈಮಸ್ ಹಲಗೆಯ ಮೇಲೆ ಬಿದ್ದ. ಮಿಂಟಾ ಆಪಿನ ಹುಲ್ಲಿನ ನಡುವೆ ಗಲ್ಲದವರೆಗೆ ಮುಳುಗಿ, ಕುದುರೆಯ ಸದ್ದು ಅಡಗುವವರೆಗೆ ನಿಂತಿದ್ದಳು.

ಅವನನ್ನು ಹೂಳುವಾಗಲೇ ಅವಳು ಕಂಡದ್ದನ್ನೆಲ್ಲ ಹೇಳಿದ್ದಳು. ಕಿವಿಯವರೆಗೂ ನೀರಲ್ಲಿದ್ದವಳಿಗೆ ಶಂಖ ಯಾವ ಕಡೆಯಿಂದ ಬಂತೆಂದು ಹೇಗೆ ಗೊತ್ತಾಯಿತು ಎಂದು ಒಬ್ಬ ಮುದುಕ ಕೇಳಿದ. ಉಳಿದವರಿಗೆ ಅದು ಸರಿಯೆನ್ನಿಸಿತು. ಮೇಸ್ತ್ರಿ ಕೊನೆಗೆ ಹಿಡಿದದ್ದು ಬಾರುಕೋಲನ್ನಲ್ಲದೆ ಮತ್ತೇನನ್ನು? ಅವನ ಗುಡಿಸಲಿನಿಂದ ಅದನ್ನು ತಂದು ಮುರಿದು ಮಣ್ಣಿನ ಮೇಲೆ ಇಟ್ಟರು. ಆಳುಗಳನ್ನು ಓಡಲು ಬಿಟ್ಟದ್ದಕ್ಕೆ ಧಣಿ ಅವನನ್ನು ಕೊಂದನೆಂದು ಕಥೆಯಾಯಿತು. ಹಾಗಾದರೆ ಶಂಖ ಊದಿದವರು ಯಾರು? ದೋಣಿಯವರ ಬಳಿಯೂ ಶಂಖ ಇರುತ್ತದೆ. ಕ್ವಾಷ್ ನೀಲಿ ಕೋಟಿನಲ್ಲಿ ಮರಳಿದಾಗ ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡು, ಊದಿದವನು ನೀನೇ ಅಂದರು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಾಡು ಶುರುವಾಗಿತ್ತು.

ಈ ಚಳಿಗಾಲದಲ್ಲಿ ಮಿಂಟಾಳಿಗೆ ಕೆಮ್ಮು ಹತ್ತಿತು. ಕೆಮ್ಮಿನಲ್ಲಿ ಒಮ್ಮೆ ರಕ್ತ ಕಂಡ ಮೇಲೆ ಅವಳು ಮತ್ತೆ ತಲೆಗೆ ದಾರ ಕಟ್ಟಿಕೊಂಡಳು. ಕನಸಿಗೆ ಮತ್ತೆ ಅವನೇ ಬಂದ. ಭಾನುವಾರ ಮಧ್ಯಾಹ್ನ ಅವಳು ಹಿರಿಯರ ಮುಂದೆ ನಿಂತಳು. ಈಗ ಹಿರಿಯರಲ್ಲಿ ದೊಡ್ಡವನು ಹೆಕ್ಟರ್. ಕೆಟ್ಟವನಲ್ಲ. ಅಪ್ಪನ ಹಾಡಿನ ಭಾರವನ್ನು ಹೊತ್ತು ನಡೆದವನು.

"ಹೇಳು ಮಿಂಟಕ್ಕ, ನಿನ್ನ ಮುಂದೆ ನಡೆದವರು ಯಾರು?"

"ಲೈಮಸ್."

ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಹೆಕ್ಟರ್ ಮುಖ ಒರೆಸಿಕೊಂಡ. "ಮುಖ ಸರಿಯಾಗಿ ನೋಡಿದ್ಯಾ? ಬೆನ್ನು ಮಾತ್ರ ಕಂಡಿದ್ರೆ ನಮ್ಮಪ್ಪನೇ ಇರಬಹುದಲ್ಲ. ಇಬ್ಬರೂ ಒಂದೇ ಎತ್ತರ."

"ನಿಮ್ಮಪ್ಪನ ಬೆನ್ನು ನನಗೆ ಗೊತ್ತಿಲ್ಲಪ್ಪ. ಲೈಮಸ್‌ನ ಕೈ ಗೊತ್ತು. ನನ್ನ ಬೆನ್ನಿಗೇ ಗೊತ್ತು."

"ಬಾರುಕೋಲು ಹಿಡಿದೋನ ಹಿಂದೆ ಹೋಗಿ ದೇವರ ಮನೆ ಸೇರೋದುಂಟಾ ಅಕ್ಕ?"

"ಅವನು ಒಳ್ಳೆಯವನು ಅಂತ ನಾನು ಎಲ್ಲಿ ಅಂದೆ? ಮುಂದೆ ನಡೆದ ಅಂದೆ."

ಹೆಕ್ಟರ್ ದನಿ ತಗ್ಗಿಸಿ, ಕ್ವಾಷ್ ಎಂದು ಒಂದು ಮಾತು ಹೇಳಿದರೆ ಮುಂದಿನ ಇಳಿತಕ್ಕೇ ಮುಳುಗಿಸಿ ಒಳಗೆ ಕರೆದುಕೊಳ್ಳುವುದಾಗಿ ಹೇಳಿದ. ಅವಳು ದಾರ ಬಿಚ್ಚಿ ಮುಷ್ಟಿಯಲ್ಲಿ ಸುತ್ತಿಕೊಂಡು ಬಾಗಿಲ ಬೆಂಚಿಗೆ ಹೋಗಿ ಕುಳಿತಳು. ಆ ದಿನ ಸುತ್ತು ಎಂದಿಗಿಂತ ಹೆಚ್ಚು ಹೊತ್ತು ನಡೆಯಿತು. ಕ್ವಾಷ್ ನೆರೆಯ ಶಂಖ ಊದಿದ ಸಾಲು ಬಂದಾಗ ಅವಳ ಕೈ ಮಾತ್ರ ತಟ್ಟಲಿಲ್ಲ.

ಬಿತ್ತನೆಗೆ ಮುಂಚೆ ರೆಂಟಿ ಮತ್ತು ಇನ್ನಿಬ್ಬರು ಹಳೆಯ ತೂಬನ್ನು ಕಿತ್ತು ಹೊಸದು ಕೂರಿಸಲು ಇಳಿದರು. ಸೈಪ್ರಸ್ ಹಲಗೆಗಳು ಒಳಗೆಲ್ಲ ಹುಳು ತಿಂದು ಜರಡಿಯಾಗಿದ್ದವು. ಹಲಗೆಯ ಅಡಿಯ ಕೆಸರಿನಲ್ಲಿ ರೆಂಟಿಯ ಕೈಗೆ ಏನೋ ತಾಗಿತು. ಸಂಜೆ ಅವನು ಅದನ್ನು ಜೊತೆಯವರಿಗೆ ಕಾಣದಂತೆ ಅಂಗಿಯಲ್ಲಿ ಸುತ್ತಿಕೊಂಡು ಮಿಂಟಾಳ ಮನೆಗೆ ಬಂದ. ಅಲಸಂದೆ ಅನ್ನ ಬೇಯುತ್ತಿತ್ತು. ಅವನು ಎಂದಿನಂತೆ ಮಡಕೆಯೊಳಗೆ ಇಣುಕಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ಅಂಗಿ ಬಿಚ್ಚಿ ಮೇಜಿನ ಮೇಲೆ ಶಂಖ ಇಟ್ಟ. ಬಾಯಿಯ ತುದಿಯನ್ನು ಅರದಿಂದ ತೀಡಿ, ಹೆಬ್ಬೆರಳಿಗೆಂದು ಪಕ್ಕದಲ್ಲಿ ಗುಳಿ ಮಾಡಿದ ಶಂಖ. ಹಳಬರಲ್ಲಿ ಅದನ್ನು ಗುರುತಿಸದವರು ಇರಲಾರರು.

"ತೂಬಿನ ಅಡಿ ಇತ್ತು," ಅಂದ. "ಕಂಬದ ಹತ್ತಿರ ಇರಬೇಕಾದ್ದು." ಅಂಗಿ ಕೊಡವಿಕೊಳ್ಳುತ್ತ, "ನೀನು ಹೇಳಿದಾಗ ನಾನೂ ನಕ್ಕಿದ್ದೆ, ಮಿಂಟಕ್ಕ," ಅಂದ.

"ಎಲ್ಲದಕ್ಕೂ ನಗ್ತೀಯ ನೀನು," ಅಂದಳು ಅವಳು. "ಊಟ ಮಾಡಿ ಹೋಗು."

ಅವನು ಉಣ್ಣಲಿಲ್ಲ. ಶಂಖವನ್ನು ಅವಳ ಹತ್ತಿರವೇ ಬಿಟ್ಟು ಹೋದ. ಮರುದಿನ ಬೆಳಗಿನ ದನಿ ಹೊಳೆಯ ಕಡೆಯಿಂದ ಬರಲಿಲ್ಲ. ಅವಳ ನೀಲಿ ಬಾಗಿಲ ಹೊರಗಿನಿಂದಲೇ ಬಂತು. ಮೇಜಿನ ಮೇಲಿನ ಶಂಖ ಮಿಸುಕಿರಲಿಲ್ಲ. ಅದರೊಳಗಿನಿಂದ ಒಂದು ಹನಿ ಕೆಸರು ನೀರು ಇಳಿದು ಮೇಜಿನ ಮೇಲೆ ನಿಂತಿತ್ತು.

ಅದೇ ವಾರ ಹೆಕ್ಟರನ ಮಗಳು ಫಿಬಿ ಬಂದು ಹೊಸ್ತಿಲ ಹೊರಗೆ ನಿಂತಳು. ಗುಲಾಮಗಿರಿಯನ್ನು ಕಾಣದ ಹುಡುಗಿ, ಬಾಯಿ ತೆರೆದರೆ ನಗು. ಈಗ ತಲೆಗೆ ಬಿಳಿ ದಾರವಿತ್ತು, ತುಟಿ ಒಡೆದಿತ್ತು. ಕಾಡಿಗೆ ಹೋಗಲು ಶುರು ಮಾಡಿ ಬಹಳ ದಿನವಾಗಿತ್ತು. ಕನಸಿನಲ್ಲಿ ಅಜ್ಜನೇ ಬರುತ್ತಾನೆಂದು ಮನೆಯವರೆಲ್ಲ ಕಾಯುತ್ತಿದ್ದರು.

"ಅಜ್ಜಿ, ನೀನು ಬಂದೆ," ಅಂದಳು ಫಿಬಿ. "ಏರಿ ಮೇಲೆ ಮುಂದೆ ಹೋಗ್ತಿದ್ದೆ. ಕೈಯಲ್ಲಿ ಶಂಖ ಇತ್ತು. ಊದು ಅಂದ್ರೆ ಊದ್ತಾ ಇರ್ಲಿಲ್ಲ."

ಶಂಖ ಸಿಕ್ಕಿದ್ದು ರೆಂಟಿಗೆ ಮತ್ತು ಮಿಂಟಾಳಿಗೆ ಬಿಟ್ಟು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಮಿಂಟಾ ಹೆಣೆಯುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ನಾನು ದಾಟಿದವಳಲ್ಲ ಮಗಳೇ. ಬಾಗಿಲಲ್ಲಿ ಕೂರೋಳು. ಹೋಗಿ ಇನ್ನೊಂದು ಸಲ ಕನಸು ಕಾಣು."

"ಕನಸು ಕೇಳಿದ್ರೆ ಬರುತ್ತಾ?"

"ನನ್ನ ತಲೆಗೇ ಯಾಕೆ ಕಟ್ತೀಯ?" ಅಂದಳು ಮಿಂಟಾ. "ನಾನು ಯಾರನ್ನೂ ನಡೆಸೋಳಲ್ಲ."

ಮಾತು ಮುಗಿಯುವ ಮೊದಲೇ ಅದು ಯಾರ ಮಾತೆಂದು ಅವಳಿಗೆ ತಿಳಿಯಿತು. ಬೆನ್ನಿನ ಗೆರೆ ತಣ್ಣಗಾಯಿತು. ಎದ್ದು ಬಾಗಿಲು ಮುಚ್ಚಿದಳು. ಹುಡುಗಿ ಹೊರಗೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಗುರು ಒಲ್ಲೆನೆಂದರೆ ಹುಡುಕುವವಳು ಏನು ಮಾಡಬೇಕೆಂದು ಪದ್ಧತಿಯಲ್ಲಿ ಎಲ್ಲೂ ಇಲ್ಲ. ಯಾಕೆಂದರೆ ಗುರು ಒಲ್ಲೆನೆನ್ನುವಂತಿಲ್ಲ.

ಮರುದಿನ ಹೆಕ್ಟರ್ ಬಂದ. ಮಗಳು ಅದೇ ಮೆಟ್ಟಿಲ ಮೇಲಿದ್ದಳು. ಅವಳನ್ನು ದಾಟಿ ಒಳಗೆ ಬಂದು, ಮೇಜಿನ ಮೇಲಿನ ಶಂಖವನ್ನು ನೋಡಿ, ಅವಳು ಕೂರು ಎನ್ನದಿದ್ದರೂ ಕುರ್ಚಿಯಲ್ಲಿ ಕುಳಿತ. ಎಲ್ಲಿ ಸಿಕ್ಕಿತೆಂದು ಕೇಳಿದ. ಅವಳು ಹೇಳಿದಳು. ಆಮೇಲೆ ಅವನು ಒಂದು ದಾರಿ ಹೇಳಿದ. ಶಂಖವನ್ನು ಅಪ್ಪನ ಸಮಾಧಿಯ ಮೇಲೆ ಇಟ್ಟುಬಿಡೋಣ. ಹಾಡಿಗೂ ಅದು ಸರಿಹೋಗುತ್ತದೆ. ರೆಂಟಿ ಬಾಯಿ ಬಿಡದಂತೆ ನೋಡಿಕೊಳ್ಳುವುದು ತನಗಿರಲಿ. ಮುಂದಿನ ಭಾನುವಾರವೇ ಅವಳನ್ನು ದಾಟಿಸಿ, ಅವಳ ಕೈಯಿಂದಲೇ ಫಿಬಿಯನ್ನು ದಾಟಿಸುವುದು. ಮಗಳ ದಾರಿ ನಿಲ್ಲಬಾರದು.

"ನಿಮ್ಮಪ್ಪ ಯಾವತ್ತಾದ್ರೂ ಹೇಳಿದ್ನಾ, ನಾನೇ ಊದಿದ್ದು ಅಂತ?"

ಹೆಕ್ಟರ್ ಎದ್ದು ಬಾಗಿಲವರೆಗೆ ಹೋಗಿ, ಚೌಕಟ್ಟಿನ ನೀಲಿಯನ್ನು ಉಗುರಿನಿಂದ ಕೆರೆದ. "ಹಾಡಿನ ಆ ಸಾಲು ಬಂದಾಗಲೆಲ್ಲ ನೆಲ ನೋಡ್ತಿದ್ದ," ಅಂದ. "ವಿನಯ ಇರಬೇಕು ಅಂದ್ಕೊಂಡಿದ್ದೆ."

"ನಿಮ್ಮಪ್ಪನಿಗೆ ದೋಣಿ ಇದೆಯಲ್ಲ. ಅಷ್ಟು ಸಾಲದಾ?" ಅಂದಳು ಮಿಂಟಾ. ದನಿಯಲ್ಲಿ ಕಟಕಿ ಇರಲಿಲ್ಲ.

ಅವನು ಹೋದ ಮೇಲೆ ಅವಳು ಶಾಲು ಹೊದ್ದು, ಶಂಖವನ್ನು ಮೊರದಲ್ಲಿಟ್ಟುಕೊಂಡು ಹೊರಟಳು. ಬಿಸಿಲಿತ್ತು. ಕೇರಿಯಲ್ಲಿ ಭತ್ತ ಕುಟ್ಟುತ್ತಿದ್ದ ಹೆಂಗಸರು ಮೊರದಲ್ಲಿದ್ದುದನ್ನು ಕಂಡು ಒನಕೆ ನಿಲ್ಲಿಸಿದರು. ಹಿಂದೆ ಹೆಜ್ಜೆಯ ಸದ್ದು ಕೇಳಿಸಿತು. ತಿರುಗಿ ನೋಡದೆಯೇ ಅದು ಫಿಬಿ ಎಂದು ಅವಳಿಗೆ ಗೊತ್ತಿತ್ತು. ಹಿಂದಕ್ಕೆ ಹೋಗು ಎನ್ನಲಿಲ್ಲ.

ಲೈಮಸ್‌ನ ಸಮಾಧಿ ಮಸಣದ ಅಂಚಿನಲ್ಲಿ, ಜವುಗಿಗೆ ತಾಗಿಕೊಂಡಿತ್ತು. ಬಾರುಕೋಲಿನ ಹಿಡಿ ಮಾತ್ರ ಉಳಿದಿತ್ತು, ತೊಗಲನ್ನು ಏಡಿಗಳು ತಿಂದಿದ್ದವು. ಮಿಂಟಾ ಅದನ್ನು ತೆಗೆಯಲಿಲ್ಲ. ಅದೂ ಅವನದೇ. ಒಡೆಯುವ ಮುನ್ನ ಶಂಖವನ್ನು ಕೈಯಲ್ಲಿ ಹಿಡಿದು ನಿಂತಳು. ಹೆಬ್ಬೆರಳು ತಾನಾಗಿ ಗುಳಿಗೆ ಕೂತಿತು. ಊದಲಿಲ್ಲ. ಫಿಬಿ ಊದು ಎನ್ನಲೂ ಇಲ್ಲ. ಮಿಂಟಾ ಒಂದು ಕಲ್ಲು ತೆಗೆದುಕೊಂಡು ಹೊಡೆದಳು. ಮೊದಲ ಏಟಿಗೆ ಒಡೆಯಲಿಲ್ಲ. ಮತ್ತೆ ಹೊಡೆದಳು. ಬಾಯಿ ಮುರಿದು, ಒಳಗಿನ ಎಳೆಗುಲಾಬಿ ಬಣ್ಣ ಬಿಸಿಲಿಗೆ ತೆರೆಯಿತು. ಅದನ್ನು ಹಿಡಿಯ ಪಕ್ಕದಲ್ಲಿಟ್ಟು, ಕೈಯ ಪುಡಿ ಒರೆಸಿಕೊಂಡಳು.

"ಇವತ್ತಿಂದ ಬೆಳಿಗ್ಗೆ ತಣ್ಣೀರು, ಸಂಜೆ ಒಂದೇ ಹೊತ್ತು ಅನ್ನ," ಅಂದಳು, ಸಮಾಧಿಯನ್ನೇ ನೋಡುತ್ತ. "ಕನಸು ಬಿದ್ದ ತಕ್ಷಣ ನನಗೆ ಹೇಳ್ಬೇಕು. ಬೇರೆ ಯಾರಿಗೂ ಹೇಳೋ ಹಾಗಿಲ್ಲ."

"ಹೂಂ ಅಜ್ಜಿ."

ಭಾನುವಾರ ಹಿರಿಯರು ಕುಳಿತರು. ಅವರ ಮುಂದೆ ಕಗ್ಗಂಟೊಂದಿತ್ತು. ಹುಡುಗಿಯ ಕನಸನ್ನು ಅಲ್ಲಗಳೆಯುವಂತಿಲ್ಲ. ಅಲ್ಲಗಳೆದರೆ ಅಲ್ಲಿ ಕುಳಿತ ಪ್ರತಿಯೊಬ್ಬರ ಕನಸೂ ಹೋಯಿತು. ದಾಟದವಳು ಇನ್ನೊಬ್ಬಳನ್ನು ದಾಟಿಸುವಂತೆಯೂ ಇಲ್ಲ. ಊರಿಗೆಲ್ಲ ಆಗಲೇ ರೆಂಟಿ ತೂಬಿನ ಕಥೆ ಹೇಳಿಯಾಗಿತ್ತು. ಹೆಕ್ಟರ್ ಎದ್ದು ನಿಂತು, ಮೊದಲು ಕೇಳಿದ್ದ ಪ್ರಶ್ನೆಯನ್ನೇ ಮತ್ತೆ ಕೇಳಿದ.

"ಲೈಮಸ್," ಅಂದಳು ಮಿಂಟಾ.

"ಕೇಳಿಸ್ತು," ಅಂದ ಹೆಕ್ಟರ್. ಒಪ್ಪಿದೆ ಎನ್ನಲಿಲ್ಲ, ಒಪ್ಪಲಿಲ್ಲ ಎನ್ನಲೂ ಇಲ್ಲ. ಬಾಗಿಲ ಬೆಂಚಿನಿಂದ ಸುತ್ತಿನವರೆಗೆ ಹಾದಿ ಬಿಟ್ಟು ಪಕ್ಕಕ್ಕೆ ಸರಿದ. ಇಳಿತದ ಹೊತ್ತಿಗೆ ಅವಳನ್ನು ಹೊಳೆಯಲ್ಲಿ ಮುಳುಗಿಸಿದವನೂ ಅವನೇ. ನೀರು ತಣ್ಣಗಿದ್ದುದರಿಂದ ಆ ಕೆಮ್ಮಿನವಳನ್ನು ಬೇಗನೆ ಎತ್ತಿದ.

ಶಂಖ ಒಡೆದ ಮರುದಿನದಿಂದಲೇ ಬೆಳಗಿನ ದನಿ ನಿಂತಿತ್ತು. ಹಳಬರು ಎಚ್ಚರವಾಗದೆ ಬಿಸಿಲೇರುವವರೆಗೆ ಮಲಗಿ, ಎದ್ದು ನಾಚಿಕೊಂಡರು. ಮಿಂಟಾಳಿಗೆ ಮಾತ್ರ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಪಾದ ನೆಲಕ್ಕಿಟ್ಟು, ಏನೂ ಕೇಳಿಸದ ಕಡೆಗೆ ಕಿವಿಗೊಟ್ಟು ಕೂರುತ್ತಿದ್ದಳು. ದನಿಗಿಂತ ಅದು ಕಷ್ಟವಾಗಿತ್ತು.

ಫಿಬಿ ದಾಟಿ ಬಂದ ಭಾನುವಾರ ಗುರು ಮತ್ತು ಶಿಷ್ಯೆ ಒಟ್ಟಿಗೆ ಸುತ್ತಿನೊಳಗೆ ಇಳಿದರು. ಕ್ವಾಷ್‌ನ ಹಾಡು ಎದ್ದಿತು. ದೋಣಿ ಬಂತು, ಬಿಳಿ ಅಂಗಿ ಬಂತು. ಶಂಖದ ಸಾಲಿಗೆ ಬರುತ್ತಲೇ ಮುಂದೆ ಹಾಡುತ್ತಿದ್ದ ಹೆಕ್ಟರ್ ಬಾಯಿ ಮುಚ್ಚಿದ. ಬೇರೆ ಸಾಲನ್ನು ಯಾರೂ ಕಟ್ಟಿರಲಿಲ್ಲ. ಕಟ್ಟಲು ಯಾರಿಗೂ ಮನಸ್ಸಿರಲಿಲ್ಲ. ಒಂದು ಸಾಲಿನಷ್ಟು ಹೊತ್ತು ಆ ಮನೆಯಲ್ಲಿ ಮಾತಿರಲಿಲ್ಲ, ಹಲಗೆಯ ಮೇಲೆ ಪಾದಗಳು ಉಜ್ಜುವ ಸದ್ದು ಮಾತ್ರ ಇತ್ತು. ಹೆಕ್ಟರ್ ನೆಲ ನೋಡುತ್ತಿದ್ದ. ಮಿಂಟಾ ತನ್ನ ಮುಂದಿನ ಖಾಲಿ ಜಾಗವನ್ನು ನೋಡುತ್ತ, ಹೆಜ್ಜೆ ತಪ್ಪದಂತೆ ಅದರ ಹಿಂದೆ ನಡೆದಳು. ಇಂದಿಗೂ ಅಲ್ಲಿ ಆ ಹಾಡನ್ನು ಹಾಗೆಯೇ ಹಾಡುತ್ತಾರೆ.